ಎರಡು ಸಮವಸ್ತ್ರ, ಒಂದು ಕಾರ್ನೆಟ್

ಸೈನ್ಯವೆಂದೊಡನೆ ಕೋವಿ ಫಿರಂಗಿಗಳು ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಕೊಳಲು ಕೊಂಬುಗಳನ್ನು ನಂಬಿ ಹೊರಟ ಸೈನ್ಯವೂ ಒಂದುಂಟು. ವಿಲಿಯಂ ಬೂತ್ ಎಂಬ ಉಪದೇಶಕನು 1865ರಲ್ಲಿ ಲಂಡನ್ನಿನ ಪೂರ್ವಭಾಗದ ಬಡವರ ಕೇರಿಗಳಲ್ಲಿ ಆರಂಭಿಸಿದ ಧರ್ಮಪ್ರಚಾರವು 1878ರಲ್ಲಿ ‘ಸಾಲ್ವೇಷನ್ ಆರ್ಮಿ’ ಎಂಬ ಹೆಸರನ್ನು ತಳೆಯಿತು. 1882ರಲ್ಲಿ ಮುಂಬಯಿಗೆ ಬಂದ ಈ ಸಂಸ್ಥೆಗೆ ಭಾರತದಲ್ಲಿ ‘ಮುಕ್ತಿಫೌಜು’ ಎಂದು ಹೆಸರಾಯಿತು. ಅಲ್ಲಿ ಭಕ್ತನೇ ಸೈನಿಕ, ಪಾದ್ರಿಯೇ ಅಧಿಕಾರಿ. ಮರಣ ಹೊಂದಿದವನು ‘ಮಹಿಮೆಗೆ ಬಡ್ತಿ’ ಪಡೆದವನು!

ವಾದ್ಯಗಳು ಈ ದಂಡನ್ನು ಸೇರಿದ್ದು ಆಕಸ್ಮಿಕ. ಸಾಲ್ಸ್‌ಬರಿ ಪಟ್ಟಣದಲ್ಲಿ ಬೀದಿಯ ಉಪದೇಶಕರನ್ನು ಪುಂಡರು ಕಾಡುತ್ತಿದ್ದರು. 1878ರಲ್ಲಿ ಚಾರ್ಲ್ಸ್ ಫ್ರೈ ಎಂಬ ಕಟ್ಟಡ ಕೆಲಸಗಾರನು ಮೂವರು ಪುತ್ರರೊಡನೆ ಅವರ ರಕ್ಷಣೆಗೆ ಬಂದ. ಬರುವಾಗ ಎರಡು ಕಾರ್ನೆಟ್, ಒಂದು ಟ್ರೊಂಬೋನ್, ಒಂದು ಯುಫೋನಿಯಂ ತಂದ. ಜನ ಗಲಾಟೆ ಮರೆತು ಕೇಳತೊಡಗಿದರು.

ಇಂತಹ ಮೇಳದ ತರುಣನಿಗೆ ದೊರೆಯ ಸೈನ್ಯದಿಂದಲೂ ಕರೆ ಬಂದರೆ? ಎರಡನೆಯ ಮಹಾಯುದ್ಧದ ಬಳಿಕ ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಯಲ್ಲಿದ್ದಾಗ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಎದ್ದಿತು. 1960ರವರೆಗೂ ಕರೆಗಳು ಬರುತ್ತಿದ್ದವು. ಅವಧಿ ಕೊನೆಗೆ ಎರಡು ವರ್ಷವಾಗಿತ್ತು. ಊದಬಲ್ಲವನು ಪಡೆಯ ವಾದ್ಯಮೇಳವನ್ನು ಸೇರಲು ಬಯಸಿದರೆ ಆಶ್ಚರ್ಯವೇನು? ಅದು ಸುಖದ ಹುದ್ದೆಯೆಂದು ಮಾತ್ರ ಭಾವಿಸಬಾರದು. ಮೊದಲ ಮಹಾಯುದ್ಧದಲ್ಲಿ ಪಡೆಯ ವಾದ್ಯಗಾರರು ವಾದ್ಯಗಳನ್ನು ಬದಿಗಿಟ್ಟು, ಗುಂಡಿನ ಮಳೆಯ ನಡುವೆ ಗಾಯಾಳುಗಳ ಡೋಲಿ ಹೊತ್ತವರು. ಕೊಲ್ಲಲು ಮನಸ್ಸೊಪ್ಪದ ಭಕ್ತನಿಗೆ ಆ ಭಾರ ಕೋವಿಗಿಂತ ಹಗುರವೆನಿಸಿದ್ದೀತು.

ಇನ್ನು ಸಂಗೀತದ ತೊಡಕು. ಹಿತ್ತಾಳೆ ಮೇಳದಲ್ಲಿ ಯುಫೋನಿಯಂ ಬಾರಿಸುವವನು ಕಾರ್ನೆಟ್ಟಿನವನಂತೆಯೇ ಸ್ವರಲಿಪಿ ಓದುತ್ತಾನೆ. ಒಂದು ವಾದ್ಯ ಬಿಟ್ಟು ಇನ್ನೊಂದನ್ನು ಹಿಡಿಯಲು ಇದರಿಂದ ಸುಲಭ. ಸೈನ್ಯದ ಮೇಳದಲ್ಲಾದರೋ ಅದೇ ಯುಫೋನಿಯಂಗೆ ಮಂದ್ರಸ್ವರಗಳ ಬೇರೊಂದು ಲಿಪಿಕ್ರಮ. ಬಾಲ್ಯದಿಂದ ಕಲಿತ ಗೆರೆಗಳ ಅರ್ಥವೇ ಬದಲಾದಂತೆ!

ಇದಕ್ಕಿಂತ ವಿಚಿತ್ರವಾದುದು ಶ್ರುತಿಯ ಸಂಗತಿ. ಸೈನ್ಯದ ಮೇಳಗಳು 1920ರ ದಶಕದ ಕೊನೆಯಲ್ಲಿ ಶ್ರುತಿಯನ್ನು ಇಳಿಸಿಕೊಂಡವು. ಹಿತ್ತಾಳೆ ಮೇಳಗಳು 1960ರ ದಶಕದ ನಡುಭಾಗದವರೆಗೂ ಹಳೆಯ ಏರುಶ್ರುತಿಗೇ ಅಂಟಿಕೊಂಡಿದ್ದವು. ನಮ್ಮ ಷಡ್ಜಕ್ಕೂ ಶುದ್ಧ ಋಷಭಕ್ಕೂ ಇರುವ ಅಂತರದಲ್ಲಿ ಸುಮಾರು ಅರ್ಧದಷ್ಟು ವ್ಯತ್ಯಾಸ. ಶನಿವಾರ ದೊರೆಯ ಶ್ರುತಿಗೆ ಒಗ್ಗಿದ ಕಿವಿ ಭಾನುವಾರ ದೇವರ ಶ್ರುತಿಗೆ ಏರಬೇಕಾಗಿತ್ತು.

ಆ ಭಾನುವಾರ ಕೈಗೆ ಸಿಕ್ಕರೆ ತಾನೆ! ಮುಕ್ತಿಫೌಜಿನವನಿಗೆ ಅಂದು ಬೆಳಗಿನ ಪ್ರಾರ್ಥನೆ, ಬೀದಿಯ ಮೂಲೆಯಲ್ಲಿ ವಾದನ, ಸಂಜೆಯ ಸಭೆ. ಇಷ್ಟಕ್ಕೂ ಕಾಸಿನ ಸಂಬಳವಿಲ್ಲ. ಪಡೆಯವನಿಗೆ ಅಂದೇ ಚರ್ಚಿನ ಕವಾಯತು ಇರಬಹುದು, ಕಾವಲು ಬದಲಾವಣೆಯ ಮೆರವಣಿಗೆ ಇರಬಹುದು. ಅಲ್ಲಿ ಅಪ್ಪಣೆಯೇ ಅಪ್ಪಣೆ. ಲಂಡನ್ನಿನಲ್ಲಿ ನೆಲೆಸಿದ ಗಾರ್ಡ್ಸ್ ಮೇಳಗಳನ್ನು ಸೇರಿದವರು ಭಾಗ್ಯವಂತರು: ಕೆಂಪು ಅಂಗಿ ಕಳಚಿ ಫೌಜಿನ ಕಡುನೀಲಿ ಅಂಗಿ ತೊಟ್ಟು ಸಭೆಗೆ ಹೋಗಲು ಸಾಧ್ಯವಿತ್ತು. ದೂರದ ಠಾಣ್ಯಗಳಿಗೆ ಹೋದವರ ಯೋಗಕ್ಷೇಮಕ್ಕಾಗಿ ಫೌಜು ‘ನೇವಲ್ ಅಂಡ್ ಮಿಲಿಟರಿ ಲೀಗ್’ ಎಂಬ ಪ್ರತ್ಯೇಕ ಶಾಖೆಯನ್ನೇ ನಡೆಸಿತು. ಮದ್ಯ ಮುಟ್ಟೆನೆಂದು ಪ್ರತಿಜ್ಞೆ ಮಾಡಿದ ಹುಡುಗನಿಗೆ ದಂಡಿನ ಸಂಜೆಗಳಲ್ಲಿ ಜೊತೆ ಬೇಕಲ್ಲವೆ?

ಒಂದನ್ನು ಮಾತ್ರ ಅವನು ಎರಡೂ ಕಡೆ ಹಂಚಿಕೊಳ್ಳುವಂತಿರಲಿಲ್ಲ. ಫೌಜು ತನ್ನ ಮೇಳಗಳಿಗೆಂದು ಅಚ್ಚು ಹಾಕಿಸಿದ ಸ್ವರಪ್ರತಿಗಳು ಹೊರಗಿನವರಿಗೆ ಮಾರಾಟಕ್ಕಿರಲಿಲ್ಲ. ತಾನು ಮೆಚ್ಚಿದ ಕೃತಿಯನ್ನು ಪಡೆಯ ಗೆಳೆಯರ ಮುಂದಿಡುವ ಆಸೆ ಅವನಲ್ಲೇ ಉಳಿಯಬೇಕಾಗಿತ್ತು. ಆ ಕಟ್ಟಳೆ ಸಡಿಲವಾದುದು 1992ರಲ್ಲಿ. ಅಷ್ಟರಲ್ಲಿ ಕಡ್ಡಾಯ ಸೇವೆಯ ಕೊನೆಯ ಹುಡುಗರಿಗೆ ಐವತ್ತು ದಾಟಿತ್ತು.