ಮಕ್ಕಳ ಇಂಗ್ಲಿಷ್ ಪಾಠಕ್ಕೆ ತಾಯಿಯ ನೆರವು

ಪರೀಕ್ಷೆ ಹತ್ತಿರ ಬಂತೆಂದರೆ ಕನ್ನಡ ಮಾಧ್ಯಮದ ಮಕ್ಕಳಿರುವ ಮನೆಗಳಲ್ಲಿ ಒಂದೇ ಚಿಂತೆ. ಲೆಕ್ಕ, ವಿಜ್ಞಾನ ಹೇಗೋ ಆಗುತ್ತೆ, ಈ ಇಂಗ್ಲಿಷೊಂದು ದಾಟಿದರೆ ಸಾಕಪ್ಪಾ ಎಂದು! ಮೊದಲು ಐದನೇ ತರಗತಿಯಿಂದ ಕಲಿಸುತ್ತಿದ್ದ ಇಂಗ್ಲಿಷನ್ನು ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ತಂದರು. ಆದರೂ ಮಕ್ಕಳ ಹೆದರಿಕೆ ಹೋಗಿಲ್ಲ. "ನಮಗೇ ಸರಿಯಾಗಿ ಬರೋಲ್ಲ, ಅವರಿಗೇನ್ರೀ ಹೇಳಿಕೊಡೋದು?" ಎಂದು ತಾಯಂದಿರು ಕೈಚೆಲ್ಲುತ್ತಾರೆ. ಆಗ ಮಗು ಗೈಡು ಹಿಡಿದು ಉರು ಹೊಡೆಯಲು ಕೂರುತ್ತದೆ. ಎಂದೂ ಓದದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದರೆ ಉರು ಹೊಡೆದದ್ದು ಯಾವ ಉಪಯೋಗಕ್ಕೆ ಬಂದೀತು?

ನಿಜ ಹೇಳಬೇಕೆಂದರೆ, ಕನ್ನಡ ಚೆನ್ನಾಗಿ ಬಲ್ಲ ತಾಯಿ ಇದರಲ್ಲಿ ಅರ್ಧ ಕೆಲಸ ಮಾಡಬಲ್ಲಳು.

ಮಾತಿನ ಜಾಗ

"ನಾಯಿ ರವಿಯನ್ನು ಕಚ್ಚಿತು" ಎಂದರೂ "ರವಿಯನ್ನು ನಾಯಿ ಕಚ್ಚಿತು" ಎಂದರೂ ನಮಗೆ ಅರ್ಥ ಒಂದೇ. ಏಕೆಂದರೆ 'ಅನ್ನು' ಎಂಬ ವಿಭಕ್ತಿ ಪ್ರತ್ಯಯ ಕಾವಲಿಗಿದೆ. ಇಂಗ್ಲಿಷಿಗೆ ಆ ಪ್ರತ್ಯಯವಿಲ್ಲ. ಅಲ್ಲಿ ಜಾಗವೇ ಅರ್ಥ. 'ದಿ ಡಾಗ್ ಬಿಟ್ ರವಿ' ಎಂಬುದನ್ನು ತಿರುಗಿಸಿದರೆ ರವಿಯೇ ನಾಯಿಯನ್ನು ಕಚ್ಚಿದಂತಾಗುತ್ತದೆ! ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದು ಪದ ಬರೆದು ಚೀಟಿ ಕತ್ತರಿಸಿಕೊಡಿ. ನೀವು ತರಕಾರಿ ಹೆಚ್ಚುವ ಹೊತ್ತಿಗೆ ಮಗು ವಾಕ್ಯ ಜೋಡಿಸಲಿ. ಮಾಡುವವರು ಮೊದಲು, ಕ್ರಿಯಾಪದ ನಡುವೆ, ಉಳಿದದ್ದು ಆಮೇಲೆ.

ಹಾಗೆಯೇ ನಮ್ಮ 'ಅಲ್ಲಿ', 'ಮೇಲೆ' ಪದದ ಹಿಂದೆ ಬಂದರೆ, ಅವರ 'ಇನ್', 'ಆನ್' ಪದದ ಮುಂದೆ ನಿಲ್ಲುತ್ತವೆ. 'ಮೇಜಿನ ಮೇಲೆ' ಎಂಬುದು 'ಆನ್ ದಿ ಟೇಬಲ್' ಆಗುತ್ತದೆ.

ಎಡವುವ ಜಾಗಗಳು

'ಎ' ಮತ್ತು 'ಆನ್' ಆರಿಸುವಾಗ ಅಕ್ಷರ ನೋಡಬಾರದು, ಕಿವಿಗೊಟ್ಟು ಉಚ್ಚಾರ ಕೇಳಬೇಕು. ಆದ್ದರಿಂದಲೇ 'ಆನ್ ಅವರ್', ಆದರೆ 'ಎ ಯೂನಿವರ್ಸಿಟಿ'.

ನಮ್ಮಲ್ಲಿ ಯಾವ ಮಾತಿಗಾದರೂ "ಅಲ್ವಾ?" ಒಂದೇ ಸಾಕು. ಅವರಲ್ಲಿ ಅದು ವಾಕ್ಯಕ್ಕೆ ತಕ್ಕಂತೆ ಬದಲಾಗುತ್ತದೆ. 'ಶಿ ಈಸ್ ಎ ಟೀಚರ್' ಎಂದ ಮೇಲೆ 'ಈಸಂಟ್ ಶಿ?' ಎನ್ನಬೇಕು. 'ಈಸಂಟ್' ಎಂದು ಆರಂಭಿಸಿದ್ದರೆ ಬಾಲದಲ್ಲಿ 'ಈಸ್ ಶಿ?' ಬರಬೇಕು. ಮುಂದೆ 'ಹೌದು' ಇದ್ದರೆ ಹಿಂದೆ 'ಇಲ್ಲ', ಮುಂದೆ 'ಇಲ್ಲ' ಇದ್ದರೆ ಹಿಂದೆ 'ಹೌದು' ಎಂದು ಹೇಳಿಕೊಡಿ.

ಇನ್ನೊಬ್ಬರ ಮಾತು ಹೇಳುವಾಗ ನಾವು "ನಾಳೆ ಬರ್ತೀನಿ ಅಂತ ಹೇಳಿದ" ಎನ್ನುತ್ತೇವೆ. 'ಅಂತ' ಸೇರಿಸಿದರೆ ಮುಗೀತು. ಇಂಗ್ಲಿಷಿನಲ್ಲಿ 'ಐ' ಹೋಗಿ 'ಹಿ', 'ವಿಲ್' ಹೋಗಿ 'ವುಡ್', 'ಟುಮಾರೋ' ಹೋಗಿ 'ದಿ ನೆಕ್ಸ್ಟ್ ಡೇ' ಬರಬೇಕು. ಮಕ್ಕಳು ಅಂಕ ಕಳೆದುಕೊಳ್ಳುವುದು ಇಂಥಲ್ಲೇ.

ಓದಿ ಉತ್ತರಿಸುವ ಪ್ರಶ್ನೆ

ಇದಕ್ಕೆ ಒಂದು ಕ್ರಮವಿದೆ:

1. ಮೊದಲು ಪ್ರಶ್ನೆಗಳನ್ನು ಓದಿಸಿ. ಏನನ್ನು ಹುಡುಕಬೇಕೆಂದು ಗೊತ್ತಿದ್ದರೆ ಓದು ಚುರುಕಾಗುತ್ತದೆ.

2. ಗದ್ಯವನ್ನು ಓದಿ ಕನ್ನಡದಲ್ಲಿ ಕಥೆಯಂತೆ ಹೇಳಲಿ. 'ಹಿ', 'ಇಟ್', 'ದೇ' ಬಂದಾಗ "ಯಾರು ಅದು?" ಎಂದು ಕೇಳಿ. ಗೊತ್ತಿಲ್ಲದ ಪದ ಬಂದರೆ ನಿಲ್ಲುವುದು ಬೇಡ, ಅಕ್ಕಪಕ್ಕದ ಮಾತು ನೋಡಿ ಊಹಿಸಲಿ.

3. 'ಹೂ' ಎಂದರೆ ಯಾರು, 'ವೇರ್' ಎಂದರೆ ಎಲ್ಲಿ, 'ವೆನ್' ಎಂದರೆ ಯಾವಾಗ, 'ವೈ' ಎಂದರೆ ಏಕೆ. 'ವೈ'ಗೆ ಕಾರಣ ಕೊಡಬೇಕು, 'ವೆನ್'ಗೆ ಹೊತ್ತು ಹೇಳಬೇಕು. ಇವು ಬೆರೆತರೆ ಕಷ್ಟಪಟ್ಟು ಬರೆದದ್ದೂ ತಪ್ಪಾಗುತ್ತದೆ.

4. ಪ್ರಶ್ನೆಯ ಪದಗಳಿಂದಲೇ ಉತ್ತರ ಕಟ್ಟಲಿ. 'ವೈ ಡಿಡ್ ದಿ ಬಾಯ್ ರನ್?' ಎಂದಿದ್ದರೆ 'ದಿ ಬಾಯ್ ರ‍್ಯಾನ್ ಬಿಕಾಸ್…' ಎಂದು ಆರಂಭ. 'ಡಿಡ್' ಹೊರಗೆ ಹೋಯಿತು, 'ರನ್' ಎಂಬುದು 'ರ‍್ಯಾನ್' ಆಯಿತು. ಗದ್ಯದ ನಾಲ್ಕು ಸಾಲು ಹಾಗೇ ಇಳಿಸುವ ಚಾಳಿ ಬಿಡಿಸಿ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ತಪ್ಪು ಮಾಡಿದಾಗ ಪಕ್ಕದ ಮನೆಯ ಹುಡುಗನೊಂದಿಗೆ ಹೋಲಿಸಿ ಹಂಗಿಸಬೇಡಿ. ನಿಮಗೂ ಉತ್ತರ ಗೊತ್ತಿಲ್ಲದಿದ್ದರೆ ಗುರುತು ಹಾಕಿಡಿ, ಮರುದಿನ ಮಗುವೇ ಮೇಷ್ಟ್ರನ್ನು ಕೇಳಿ ಬಂದು ನಿಮಗೆ ಹೇಳಲಿ. ಇನ್ನೊಬ್ಬರಿಗೆ ಹೇಳಿಕೊಟ್ಟ ಪಾಠವನ್ನು ಮಕ್ಕಳು ಬೇಗ ಮರೆಯುವುದಿಲ್ಲ.