ಮನೆ ಕಾಯುವ ಕಣ್ಣು ಎತ್ತ ನೋಡಬೇಕು?

ಕರಾವಳಿಯ ನಮ್ಮ ಊರುಗಳಲ್ಲಿ ಗಂಡಸರು ಗಲ್ಫ್‌ನಲ್ಲಿದ್ದು, ಮನೆಯಲ್ಲಿ ಹೆಂಗಸರು, ಮಕ್ಕಳು ಮತ್ತು ವಯಸ್ಸಾದ ತಾಯಿ ಮಾತ್ರ ಇರುವುದು ಹೊಸತೇನಲ್ಲ. ಅಂತಹದೇ ಒಂದು ಮನೆ ನನ್ನ ಸಂಬಂಧಿಕರದ್ದು. ಹತ್ತಿರದಲ್ಲೆಲ್ಲೋ ಕಳ್ಳತನವಾದ ಸುದ್ದಿ ಕೇಳಿದ್ದೇ ತಡ, ಗಂಡ ಅಲ್ಲಿಂದಲೇ ಫೋನು ಮಾಡಿ ಮನೆಗೆ ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿದರು. ಹುಡುಗರಿಬ್ಬರು ಬಂದು, ಗೋಡೆ ಕೊರೆದು, ವಯರು ಎಳೆದು, ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಹೋದರು.

ತಿಂಗಳ ಬಳಿಕ ನಾನು ಹೋದಾಗ ಆಕೆ ತನ್ನದೇ ಹಾಲ್‌ನಲ್ಲಿ ತಲೆಯ ಮೇಲಿನ ಶಾಲು ತೆಗೆಯದೆ ಓಡಾಡುತ್ತಿದ್ದಳು. "ಒಳಗೆ ಯಾರಾದರೂ ಬಂದಿದ್ದಾರಾ?" ಎಂದು ಮೆಲ್ಲನೆ ಕೇಳಿದೆ. ಆಕೆ ಗೋಡೆಯ ಮೂಲೆ ತೋರಿಸಿದಳು. ಅಲ್ಲೊಂದು ಕ್ಯಾಮೆರಾ ಹಾಲ್ ಮತ್ತು ಅಡುಗೆಮನೆಯ ಬಾಗಿಲನ್ನು ನೋಡುತ್ತಿತ್ತು. "ಅವರು ನೋಡಿದರೆ ನನಗೇನೂ ಇಲ್ಲ. ಆದರೆ ಅಲ್ಲಿ ಅವರ ರೂಮಿನಲ್ಲಿ ಇನ್ನೂ ನಾಲ್ವರಿದ್ದಾರೆ. ಮೊಬೈಲು ಮೇಜಿನ ಮೇಲೆ ತೆರೆದೇ ಇರುತ್ತದೆ" ಎಂದಳು.

ಕಳ್ಳನಿಗಾಗಿ ಇಟ್ಟ ಕಣ್ಣು ಮನೆಯವಳನ್ನೇ ಕಾಯತೊಡಗಿತ್ತು.

ಸಹೋದರಿಯರೇ, ಕ್ಯಾಮೆರಾ ಬೇಡವೆಂದು ನಾನು ಹೇಳುತ್ತಿಲ್ಲ. ಒಂಟಿಯಾಗಿರುವ ಮನೆಗೆ ಅದು ಒಳ್ಳೆಯ ಕಾವಲು. ಆದರೆ ಕೊಳ್ಳುವಾಗ ನಾವು "ಎಷ್ಟು ಕ್ಯಾಮೆರಾ? ಎಷ್ಟು ದರ?" ಎಂದು ಕೇಳುತ್ತೇವೆಯೇ ಹೊರತು, "ಅದು ಎತ್ತ ನೋಡುತ್ತದೆ? ಅದರೊಳಗಿಂದ ಯಾರು ನೋಡುತ್ತಾರೆ?" ಎಂದು ಕೇಳುವುದಿಲ್ಲ. ಮನೆಯೊಳಗೆ ದಿನವಿಡೀ ಇರುವವರು ನಾವು. ಹಾಗಾಗಿ ಈ ಪ್ರಶ್ನೆ ಕೇಳಬೇಕಾದವರೂ ನಾವೇ.

ಮೊದಲು ಮನೆಗೊಂದು ಸುತ್ತು ಬನ್ನಿ

ಅಂಗಡಿಗೆ ಹೋಗುವ ಮೊದಲು ಒಂದು ಕಾಗದ, ಪೆನ್ನು ಹಿಡಿದು ಮನೆಯ ಸುತ್ತ ನಡೆಯಿರಿ. ಹೊರಗಿನವರು ಎಲ್ಲೆಲ್ಲಿಂದ ಒಳಗೆ ಬರಬಹುದು? ಗೇಟು, ಸಿಟೌಟ್, ಹಿತ್ತಿಲ ಬಾಗಿಲು, ತಾರಸಿಗೆ ಹೋಗುವ ಮೆಟ್ಟಿಲು. ಹೆಚ್ಚಿನ ಮನೆಗಳಲ್ಲಿ ಇಷ್ಟೇ. ಈ ನಾಲ್ಕನ್ನು ಹೊರಗಿನಿಂದ ಕಾದರೆ ಮನೆಯೊಳಗೆ ಕ್ಯಾಮೆರಾದ ಅಗತ್ಯವೇ ಬರುವುದಿಲ್ಲ. ಕಳ್ಳ ಒಳಗೆ ಬಂದ ಮೇಲೆ ಅವನ ಚಿತ್ರ ತೆಗೆಯುವುದಕ್ಕಿಂತ, ಬಾಗಿಲಿಗೆ ಬರುವಾಗಲೇ ತಿಳಿಯುವುದು ಮೇಲಲ್ಲವೇ?

ಪ್ರತಿ ಜಾಗದ ಮುಂದೆಯೂ ಒಂದು ಮಾತು ಬರೆದುಕೊಳ್ಳಿ: ಅಲ್ಲಿ ಬಂದವರ ಮುಖ ಗುರುತಿಸಬೇಕೋ, ಅಥವಾ ಯಾರೋ ಬಂದರೆಂದು ತಿಳಿದರೆ ಸಾಕೋ? ಕ್ಯಾಮೆರಾದ ಆಯ್ಕೆ ಇದರ ಮೇಲೆಯೇ ನಿಂತಿದೆ.

ಯಾವುದನ್ನು ಕೊಳ್ಳುವುದು?

ಲೆನ್ಸನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. 2.8 ಮಿ.ಮೀ. ಲೆನ್ಸ್ ಅಗಲವಾಗಿ, ಇಡೀ ಅಂಗಳವನ್ನು ತೋರಿಸುತ್ತದೆ. ಆದರೆ ದೂರದ ಮುಖ ಅದರಲ್ಲಿ ಚಿಕ್ಕದಾಗಿ ಕಾಣುತ್ತದೆ. 6 ಮಿ.ಮೀ. ಲೆನ್ಸಿನ ನೋಟ ಕಿರಿದು, ಆದರೆ ಗೇಟಿನಲ್ಲಿ ನಿಂತವರನ್ನು ಹತ್ತಿರಕ್ಕೆ ತರುತ್ತದೆ. ಆದ್ದರಿಂದ ಸಿಟೌಟ್‌ಗೆ 2.8, ಉದ್ದ ಅಂಗಳದಾಚೆಯ ಗೇಟಿಗೆ 6 ಎಂದು ಬೇರೆ ಬೇರೆ ತೆಗೆದುಕೊಳ್ಳಬಹುದು. ನಾಲ್ಕೂ ಒಂದೇ ರೀತಿಯದನ್ನು ಹಾಕಿಸಿ, ಘಟನೆ ನಡೆದ ಮೇಲೆ "ಮುಖವೇ ಸ್ಪಷ್ಟವಿಲ್ಲ" ಎಂದು ಮರುಗುವವರು ಬಹಳ.

ಕೊಳವೆಯಾಕಾರದ ಬುಲೆಟ್ ಕ್ಯಾಮೆರಾ ದೂರದಿಂದಲೇ ಎದ್ದು ಕಾಣುತ್ತದೆ. ಬಂದವನಿಗೆ ಎಚ್ಚರಿಕೆ ಕೊಡಲು ಇದು ಒಳ್ಳೆಯದು. ಗುಮ್ಮಟದಂತಿರುವ ಡೋಮ್ ಕ್ಯಾಮೆರಾವನ್ನು ಸಿಟೌಟ್‌ನ ಮಾಡಿಗೆ ಹಾಕಿದರೆ ಸುಲಭವಾಗಿ ತಿರುಗಿಸಲಾಗದು. ಹೊರಗೆ ಹಾಕುವುದಾದರೆ ಐಪಿ66 ಅಥವಾ ಐಪಿ67 ಎಂಬ ಗುರುತು ಇದೆಯೇ ನೋಡಿ. ಧೂಳು, ನೀರು ಒಳಹೋಗದೆಂಬುದರ ಸೂಚನೆ ಅದು. ನಮ್ಮ ಜೂನ್ ತಿಂಗಳ ಮಳೆಗೆ ಇದಿಲ್ಲದೆ ನಡೆಯದು.

ವೈಫೈ ಕ್ಯಾಮೆರಾ ಅಗ್ಗ, ವಯರಿನ ಗೋಜು ಕಡಿಮೆ. ಬಾಡಿಗೆ ಮನೆಯವರಿಗೆ ಅನುಕೂಲ. ಆದರೆ ಅದಕ್ಕೂ ಕರೆಂಟಿನ ವಯರು ಬೇಕು. ರೆಕಾರ್ಡಿಂಗ್ ಅದರೊಳಗಿನ ಮೆಮೊರಿ ಕಾರ್ಡಿನಲ್ಲೇ ಇದ್ದರೆ, ಕಳ್ಳ ಕ್ಯಾಮೆರಾವನ್ನೇ ಕಿತ್ತೊಯ್ದರೆ ಸಾಕ್ಷ್ಯವೂ ಅವನ ಜೊತೆಗೇ ಹೋಗುತ್ತದೆ. ಸ್ವಂತ ಮನೆಯವರು ವಯರು ಎಳೆಸಿ, ಒಳಗೆ ರೆಕಾರ್ಡರ್ ಇಡಿಸುವುದೇ ಲೇಸು. ಹಳೆಯ ಕ್ರಮದ ಕ್ಯಾಮೆರಾಗಳಿಗೆ ಡಿವಿಆರ್, ನೆಟ್‌ವರ್ಕ್ ಕ್ಯಾಮೆರಾಗಳಿಗೆ ಎನ್‌ವಿಆರ್ ಎನ್ನುತ್ತಾರೆ. ಎರಡನೆಯದರಲ್ಲಿ ಚಿತ್ರ ಮತ್ತು ಕರೆಂಟು ಎರಡೂ ಒಂದೇ ಕೇಬಲಿನಲ್ಲಿ ಹೋಗುವ ವ್ಯವಸ್ಥೆ ಇದೆ. ಆ ಕೇಬಲು 100 ಮೀಟರ್ ಮೀರಬಾರದು.

ಇನ್ನೊಂದು ವಿಷಯ. ಭಾರತದಲ್ಲಿ ಸಿಸಿ ಕ್ಯಾಮೆರಾಗಳು ಸುರಕ್ಷತಾ ಪರೀಕ್ಷೆಗೆ ಒಳಪಡಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿತು, 2025ರ ಏಪ್ರಿಲ್‌ನಿಂದ ಅದು ಜಾರಿಗೆ ಬಂದಿದೆ. "ಈ ಮಾಡೆಲ್‌ಗೆ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಇದೆಯೇ?" ಎಂದು ಅಂಗಡಿಯವರನ್ನು ಕೇಳಲು ಸಂಕೋಚ ಬೇಡ. ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆ ಬರೆಸಿಕೊಳ್ಳಿ.

ಎಷ್ಟು ದಿನ ಉಳಿಯುತ್ತದೆ?

"ಒಂದು ತಿಂಗಳು ರೆಕಾರ್ಡಿಂಗ್ ಇರುತ್ತದೆ ಅಕ್ಕಾ" ಎಂದು ಅಂಗಡಿಯ ಹುಡುಗ ಹೇಳಬಹುದು. ಲೆಕ್ಕ ನೀವೇ ಹಾಕಿ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುವಂತೆ ಹೊಂದಿಸಿದ್ದರೆ ದಿನಕ್ಕೆ ಸುಮಾರು 21.6 ಜಿಬಿ ಬೇಕು. ನಾಲ್ಕು ಕ್ಯಾಮೆರಾಗಳಿಗೆ 86 ಜಿಬಿ. ಅಂದರೆ 1 ಟಿಬಿ ಹಾರ್ಡ್ ಡಿಸ್ಕ್ 11 ದಿನಕ್ಕೆ ತುಂಬುತ್ತದೆ. ಬಳಿಕ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಎಚ್.265 ಎಂಬ ಕ್ರಮವಿರುವ ಸಾಧನದಲ್ಲಿ ಇದರ ಸುಮಾರು ಅರ್ಧ ಜಾಗ ಸಾಕಾಗಬಹುದು. ನೀವು ಹಬ್ಬಕ್ಕೋ ಮದುವೆಗೋ ಎರಡು ವಾರ ಊರಿಗೆ ಹೋಗುವವರಾದರೆ 2 ಟಿಬಿಯನ್ನೇ ಕೇಳಿ. ಕಂಪ್ಯೂಟರಿನ ಸಾಮಾನ್ಯ ಡಿಸ್ಕ್ ಬೇಡ. ಹಗಲಿರುಳು ಬರೆಯಲೆಂದೇ ಮಾಡಿದ ಸರ್ವೈಲೆನ್ಸ್ ಡಿಸ್ಕ್ ಹಾಕಿಸಿ.

ಅಳವಡಿಸುವ ದಿನ ಹತ್ತಿರವೇ ಇರಿ

ಆ ದಿನ ಮನೆಯ ಯಾರಾದರೊಬ್ಬರು ಕೆಲಸದವರ ಜೊತೆ ಇರಲೇಬೇಕು. ಕ್ಯಾಮೆರಾ ತೀರಾ ಮೇಲಿದ್ದರೆ ಟೋಪಿಯೂ ನೆತ್ತಿಯೂ ಕಾಣುತ್ತವೆ, ಮುಖ ಕಾಣುವುದಿಲ್ಲ. ತೀರಾ ಕೆಳಗಿದ್ದರೆ ಕೈಗೆ ಸಿಗುತ್ತದೆ. ಎಂಟರಿಂದ ಹತ್ತು ಅಡಿ ಎತ್ತರ ಸರಿಯಾದುದು. ಬೆಳಗಿನ ಅಥವಾ ಸಂಜೆಯ ಸೂರ್ಯನಿಗೆ ನೇರ ಮುಖ ಮಾಡಿದರೆ ಬಂದವರು ಕಪ್ಪು ನೆರಳಿನಂತೆ ಕಾಣುತ್ತಾರೆ. ಸ್ವಲ್ಪ ಓರೆಯಾಗಿ ತಿರುಗಿಸಿದರೆ ಸಾಕು.

ರಾತ್ರಿ ನೋಡಲು ಇದರಲ್ಲಿ ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿದೆ. ಅದರ ಎದುರೇ ಮಾಡಿನ ಅಂಚೋ ಬಿಳಿ ಗೋಡೆಯೋ ಇದ್ದರೆ ಬೆಳಕು ಪ್ರತಿಫಲಿಸಿ ಚಿತ್ರ ಮಂಜಾಗುತ್ತದೆ. ಈ ಬೆಳಕಿಗೆ ಹುಳಗಳು ಬರುತ್ತವೆ, ಹುಳಗಳ ಆಸೆಗೆ ಜೇಡ ಬಂದು ಬಲೆ ಕಟ್ಟುತ್ತದೆ. ಮನೆಯ ಜೇಡರ ಬಲೆ ತೆಗೆಯುವಾಗ ಕ್ಯಾಮೆರಾದ ಬಲೆಯನ್ನೂ ತೆಗೆಯಿರಿ. ಅಳವಡಿಸಿದ ದಿನವೇ ಮಗ್ರಿಬ್ ಬಳಿಕ, ಕತ್ತಲಾದ ಮೇಲೆ, ಮಗನನ್ನೋ ಮಗಳನ್ನೋ ಗೇಟಿನಿಂದ ನಡೆದು ಬರಲು ಹೇಳಿ ಪರದೆಯಲ್ಲಿ ನೋಡಿ. ಗುರುತು ಸಿಗದಿದ್ದರೆ ಮರುದಿನವೇ ಅಂಗಡಿಯವರನ್ನು ಕರೆಸಿ.

ವಯರಿನ ಜೋಡಣೆಗಳು ಮಳೆಗೆ ತೆರೆದಿರಬಾರದು. ಅವನ್ನು ಜಂಕ್ಷನ್ ಬಾಕ್ಸಿನೊಳಗೆ ಇಡಿಸಿ. ವಯರು ಗೋಡೆಯೊಳಗೆ ಹೋಗುವ ಮುನ್ನ ಸ್ವಲ್ಪ ಕೆಳಗೆ ಜೋತುಬಿದ್ದಂತಿರಲಿ. ಆಗ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಸಮುದ್ರದ ಉಪ್ಪುಗಾಳಿ ಬೀಸುವ ಕಡೆ ತುಕ್ಕು ಹಿಡಿಯದ ಸ್ಕ್ರೂ ಹಾಕಿಸಿ. ಮಳೆಗಾಲದ ಮುಂಚಿನ ಗುಡುಗು ಮಿಂಚು ನಮಗೆ ಗೊತ್ತೇ ಇದೆ. ಮನೆಗೆ ಸರಿಯಾದ ಅರ್ಥಿಂಗ್ ಇರಲಿ. ಕರೆಂಟು ಹೋದಾಗಲೂ ರೆಕಾರ್ಡರ್ ಮತ್ತು ಇಂಟರ್ನೆಟ್ ಪೆಟ್ಟಿಗೆ ನಡೆಯುವಂತೆ ಇನ್ವರ್ಟರಿಗೆ ಜೋಡಿಸಿ. ರೆಕಾರ್ಡರನ್ನು ಟಿವಿಯ ಪಕ್ಕ ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಡಿ. ಗಾಳಿಯಾಡುವ, ಬೀಗವಿರುವ ಕಪಾಟು ಉತ್ತಮ.

ಕೀಲಿ ಕೈ ಯಾರಲ್ಲಿ?

ಹೊಸ ಮನೆಗೆ ಹೊಸ ಬೀಗ ಹಾಕಿಸಿ, ಕೀಲಿಯನ್ನು ಬೀಗದ ಅಂಗಡಿಯವನಲ್ಲೇ ಬಿಟ್ಟು ಬರುತ್ತೇವೆಯೇ? ಕ್ಯಾಮೆರಾದ ವಿಷಯದಲ್ಲಿ ಬಹಳ ಮಂದಿ ಮಾಡುವುದು ಇದನ್ನೇ. ಕಂಪೆನಿಯಿಂದ ಬಂದ ಅಥವಾ ಅಳವಡಿಸಿದ ಹುಡುಗ ಇಟ್ಟ ಪಾಸ್‌ವರ್ಡ್ ವರ್ಷಗಟ್ಟಲೆ ಹಾಗೇ ಇರುತ್ತದೆ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ಪ್ರೋಗ್ರಾಮ್ ಸುಮಾರು 60 ಸಿದ್ಧ ಪಾಸ್‌ವರ್ಡ್‌ಗಳ ಪಟ್ಟಿಯನ್ನಷ್ಟೇ ಹಿಡಿದು ಲೋಕದಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್ ಮತ್ತಿತರ ಸಾಧನಗಳೊಳಗೆ ನುಗ್ಗಿತ್ತು. ಅದಕ್ಕೆ ಬಾಗಿಲು ಮುರಿಯುವ ಕೆಲಸವೇ ಇರಲಿಲ್ಲ. ಕೀಲಿ ಬಾಗಿಲಲ್ಲೇ ಇತ್ತು.

ಆದ್ದರಿಂದ ಕೆಲಸ ಮುಗಿಸಿ ಅವರು ಗೇಟು ದಾಟಿದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಮಗುವಿನ ಹೆಸರು, ಫೋನ್ ನಂಬರು ಬೇಡ. ಅಳವಡಿಸಿದವರ ಮೊಬೈಲಿನಲ್ಲಿ ಪರೀಕ್ಷೆಗೆಂದು ಜೋಡಿಸಿದ್ದರೆ ಅದನ್ನು ತೆಗೆಸಿ. ಆ್ಯಪಿನಲ್ಲಿ ಯಾರ್ಯಾರ ಮೊಬೈಲು ಜೋಡಣೆಯಾಗಿದೆ ಎಂಬ ಪಟ್ಟಿಯನ್ನು ಆಗಾಗ ನೋಡುತ್ತಿರಿ. ಪಾಸ್‌ವರ್ಡ್ ದೂರದಲ್ಲಿರುವ ಗಂಡನಿಗಷ್ಟೇ ಅಲ್ಲ, ಮನೆಯಲ್ಲಿರುವ ನಿಮಗೂ ಗೊತ್ತಿರಬೇಕು. ರಾತ್ರಿ ಹಿತ್ತಿಲಲ್ಲಿ ಸದ್ದಾದರೆ ಮೊದಲು ನೋಡಬೇಕಾದವರು ನೀವಲ್ಲವೇ?

ನೆರೆಮನೆಯ ಅಂಗಳವೂ ಒಂದು ಮನೆಯೇ

ಅನುಮತಿ ಕೇಳದೆ, ಸಲಾಮ್ ಹೇಳದೆ ಇತರರ ಮನೆಯೊಳಗೆ ಕಾಲಿಡಬಾರದೆಂದು ಕುರ್‌ಆನ್ ಕಲಿಸಿದೆ. ಕಾಲಿಗಿರುವ ಈ ಶಿಷ್ಟಾಚಾರ ಕಣ್ಣಿಗೂ ಇದೆ. ನಮ್ಮ ತಾರಸಿಯ ಕ್ಯಾಮೆರಾ ನೆರೆಯವರ ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಬಚ್ಚಲಿನ ಬಾಗಿಲನ್ನು ನೋಡುತ್ತಿದ್ದರೆ ಅವರ ನೆಮ್ಮದಿ ಏನಾಗಬೇಕು? ಹೆಚ್ಚಿನ ರೆಕಾರ್ಡರ್‌ಗಳಲ್ಲಿ ಚಿತ್ರದ ಬೇಡವಾದ ಭಾಗವನ್ನು ಕಪ್ಪಾಗಿ ಮುಚ್ಚುವ 'ಪ್ರೈವೆಸಿ ಮಾಸ್ಕ್' ಎಂಬ ಅನುಕೂಲವಿದೆ. ಅಳವಡಿಸುವವರು ತಾವಾಗಿ ಅದನ್ನು ಮಾಡಿಕೊಡುವುದು ಅಪರೂಪ, ನಾವೇ ಹೇಳಬೇಕು. ಸಾಧ್ಯವಿದ್ದರೆ ನೆರೆಮನೆಯವರನ್ನು ಕರೆದು ಪರದೆಯನ್ನೇ ತೋರಿಸಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಕೆಲಸಕ್ಕೆ ಬರುವಾಕೆಗೂ ಕ್ಯಾಮೆರಾ ಎಲ್ಲಿದೆ ಎಂದು ಹೇಳಿಬಿಡಿ. ಆಕೆ ಬಟ್ಟೆ ಬದಲಿಸುವ, ವಿಶ್ರಾಂತಿ ಪಡೆಯುವ ಜಾಗದತ್ತ ಅದು ನೋಡಬಾರದು. ಮಾತು ದಾಖಲಿಸುವ ಮೈಕನ್ನು ಆರಿಸಿಡಿ. ಸಿಟೌಟ್‌ನಲ್ಲಿ ಕುಳಿತು ಅತ್ತೆ, ಸೊಸೆ, ನಾದಿನಿಯರು ಆಡಿಕೊಳ್ಳುವ ಮಾತನ್ನು ಡಿಸ್ಕಿನಲ್ಲಿ ಕೂಡಿಟ್ಟು ಆಗಬೇಕಾದುದೇನು?

ಕಾನೂನಿನ ಮಾತೂ ತಿಳಿದಿರಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಹೆಣ್ಣೊಬ್ಬಳು ತನ್ನನ್ನು ಯಾರೂ ನೋಡುತ್ತಿಲ್ಲವೆಂದು ನಂಬಿರುವ ಖಾಸಗಿ ಗಳಿಗೆಯಲ್ಲಿ ಅವಳನ್ನು ಇಣುಕಿ ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ ಸೆರೆವಾಸ ಮತ್ತು ದಂಡವಿದೆ. ಹಾಸ್ಟೆಲ್, ಬಾಡಿಗೆ ಕೋಣೆ, ಬಟ್ಟೆ ಅಂಗಡಿಯ ಟ್ರಯಲ್ ರೂಮ್‌ಗೆ ಹೋಗುವ ನಮ್ಮ ಹೆಣ್ಣುಮಕ್ಕಳೂ ಇದನ್ನು ತಿಳಿದಿರಬೇಕು.

ಏನಾದರೂ ನಡೆದರೆ

ಮೊದಲು 112ಕ್ಕೆ ಕರೆ ಮಾಡಿ. ಬಳಿಕ ಆ ಹೊತ್ತಿನ ರೆಕಾರ್ಡಿಂಗನ್ನು ತಡಮಾಡದೆ ಪೆನ್‌ಡ್ರೈವ್‌ಗೆ ಇಳಿಸಿ. ಮೊಬೈಲಿನಲ್ಲಿ ಪರದೆಯ ವಿಡಿಯೋ ತೆಗೆದರೆ ಸಾಲದು. ಮೂಲ ಡಿಸ್ಕನ್ನು ಅಳಿಸಬೇಡಿ, ರಿಪೇರಿಗೂ ಕೊಡಬೇಡಿ. ನ್ಯಾಯಾಲಯದಲ್ಲಿ ಅದರ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಪೊಲೀಸರೊಡನೆ ಆ ಬಗ್ಗೆ ಕೇಳಿ. ರೆಕಾರ್ಡರಿನ ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡುವುದೂ ಇದಕ್ಕಾಗಿಯೇ. ಘಟನೆಯ ದೃಶ್ಯವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಿ "ಇವನೇ ಕಳ್ಳ" ಎನ್ನುವ ಆತುರ ಬೇಡ. ದಾರಿ ಕೇಳಲು ಬಂದ ಅಮಾಯಕನೊಬ್ಬನ ಮಾನ ಅದರಲ್ಲಿ ಹೋಗಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ನೆನಪಿರಲಿ. ಕ್ಯಾಮೆರಾ ನೋಡುತ್ತದೆ, ತಡೆಯುವುದಿಲ್ಲ. ಗಟ್ಟಿ ಚಿಲಕ, ಅಂಗಳದ ದೀಪ, ಕರೆದರೆ ಓಗೊಡುವ ನೆರೆಯವರು, ಇವು ಮೂರೂ ಇಲ್ಲದೆ ಅದೊಂದೇ ಮನೆ ಕಾಯಲಾರದು.

ಆರಂಭದಲ್ಲಿ ಹೇಳಿದ ಆ ಸಂಬಂಧಿಕಳ ವಿಷಯಕ್ಕೆ ಬರುತ್ತೇನೆ. ಆ ರಾತ್ರಿಯೇ ಆಕೆ ಗಂಡನಿಗೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಮತ್ತೆ, "ನಾನು ಕಳ್ಳನನ್ನು ಮಾತ್ರ ಯೋಚಿಸಿದ್ದೆ, ನಿನ್ನನ್ನು ಯೋಚಿಸಲಿಲ್ಲ" ಎಂದರಂತೆ. ಆ ವಾರವೇ ಹಾಲ್‌ನ ಕ್ಯಾಮೆರಾ ಹಿತ್ತಿಲ ಬಾಗಿಲಿನ ಹೊರಗೆ ಹೋಯಿತು. ಅಸಲಿಗೆ ಆ ಬಾಗಿಲಿಗೇ ಕಾವಲಿರಲಿಲ್ಲ!

ಮುಂದಿನ ಸಲ ನಾನು ಹೋದಾಗ ಆಕೆ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿ, ನಗುತ್ತ ಚಹಾ ತಂದಳು. ನಿಮ್ಮ ಮನೆಗೆ ಕ್ಯಾಮೆರಾ ಬರುವ ದಿನ ನೀವೂ ಒಂದು ಗಳಿಗೆ ಅದರ ಕೆಳಗೆ ನಿಂತು ಕೇಳಿಕೊಳ್ಳಿ: ಈ ಕಣ್ಣು ನನ್ನನ್ನು ಕಾಯುತ್ತಿದೆಯೋ, ನೋಡುತ್ತಿದೆಯೋ?