ಹೊಲದಲ್ಲಿ ಶೆಡ್ಡು ಎತ್ತುವ ಮೊದಲು ವಲಯ ನೋಡಿ

ಶೇಂಗಾ ಮಾರುವ ಬದಲು ಎಣ್ಣೆ ಮಾಡಿ ಮಾರೋಣ ಅಂತ ಪಟ್ಟಣದ ಅಂಚಿನ ನಮ್ಮ ಖುಷ್ಕಿ ಹೊಲದಲ್ಲಿ 10 ಗುಂಟೆಯಷ್ಟು ಜಾಗಕ್ಕೆ ಗಾಣದ ಶೆಡ್ಡು ಹಾಕಲು ಹೊರಟೆ. ಭೂಪರಿವರ್ತನೆಗೆ ಅರ್ಜಿ ಕೊಟ್ಟೆ. 'ಮಹಾಯೋಜನೆಯಲ್ಲಿ ಇದು ಕೃಷಿ ವಲಯ' ಅಂತ ವಾಪಸ್ ಬಂತು. ಅಷ್ಟರಲ್ಲಿ ಗಾಣಕ್ಕೆ ಮುಂಗಡ ಕೊಟ್ಟಾಗಿತ್ತು. ಆ ದುಡ್ಡು ಹೋಯ್ತು. ನಿಮಗೆ ಹಾಗಾಗೋದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಎರಡು ಬೇರೆ ಬೇರೆ ಅನುಮತಿಗಳಿವೆ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಭೂಪರಿವರ್ತನೆ ಬೇಕು. ಇದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ, ಅರ್ಜಿ ಜಿಲ್ಲಾಧಿಕಾರಿಗಳಿಗೆ. ಇನ್ನೊಂದು ಭೂ ಉಪಯೋಗ ಬದಲಾವಣೆ. ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ, ಅರ್ಜಿ ಯೋಜನಾ ಪ್ರಾಧಿಕಾರಕ್ಕೆ. ಮಹಾಯೋಜನೆ ಇರುವ ಕಡೆ ಅದಕ್ಕೆ ವಿರುದ್ಧವಾಗಿ ಪರಿವರ್ತನೆ ಸಿಗೋದಿಲ್ಲ. ಹಾಗಾಗಿ ಮೊದಲು ಪ್ರಾಧಿಕಾರಕ್ಕೆ ಹೋಗಿ ನಿಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ ಅಂತ ನಕ್ಷೆಯಲ್ಲಿ ನೋಡಿ.

ಕೃಷಿ ವಲಯ ಅಂತ ಕಂಡರೆ ಕೂಡಲೇ ಎದೆಗುಂದಬೇಡಿ. ವಲಯ ನಿಯಮಾವಳಿಯಲ್ಲಿ ಎರಡು ಪಟ್ಟಿ ಇರುತ್ತವೆ. ಒಂದರಲ್ಲಿ ಆ ವಲಯದಲ್ಲಿ ನೇರವಾಗಿ ಒಪ್ಪುವ ಕೆಲಸಗಳು, ಇನ್ನೊಂದರಲ್ಲಿ ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದವು. ನಿಮ್ಮ ಕೆಲಸ ಇವುಗಳಲ್ಲಿ ಇದ್ದರೆ ವಲಯವನ್ನೇ ಬದಲಿಸುವ ದೊಡ್ಡ ದಾರಿ ಬೇಕಿಲ್ಲ.

ಎರಡರಲ್ಲೂ ಇಲ್ಲದಿದ್ದರೆ ಮಾತ್ರ 14ಎ. ಅಲ್ಲಿ 'ನನಗೆ ಲಾಭ ಆಗುತ್ತೆ' ಅಂದರೆ ನಡೆಯೋದಿಲ್ಲ. ನಕ್ಷೆಯಲ್ಲಿ ತಪ್ಪಾಗಿದೆ, ಇಲ್ಲವೇ ಸುತ್ತಲಿನ ಪರಿಸ್ಥಿತಿ ಬದಲಾಗಿದೆ, ಸಾರ್ವಜನಿಕರಿಗೆ ಇದರಿಂದ ಒಳ್ಳೆಯದು ಅಂತ ತೋರಿಸಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳುತ್ತಾರೆ. ಸರ್ಕಾರದ ಒಪ್ಪಿಗೆ ಬೇಕು, ಶುಲ್ಕವೂ ಇದೆ. ನೆರೆಯ ಹೊಲದವರಿಗೆ ಮೊದಲೇ ವಿಷಯ ತಿಳಿಸಿದರೆ ಒಳ್ಳೆಯದು. ಆಮೇಲೆ ತಕರಾರು ಕಡಿಮೆ.

ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ ಜೋಡಿಸಿಡಿ. ಸರ್ವೆ ನಂಬರಿನ ಒಂದು ಭಾಗಕ್ಕೆ ಮಾತ್ರ ಪರಿವರ್ತನೆ ಕೇಳುವುದಾದರೆ 11ಇ ನಕ್ಷೆ ಮಾಡಿಸಿ. ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರೇ ಇದ್ದರೆ ಮೊದಲು ಖಾತೆ ಸರಿಮಾಡಿಸಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ.

ಒಪ್ಪಿಗೆ ಬರುವ ಮೊದಲೇ ಕಟ್ಟಿದರೆ 96ನೇ ಕಲಮಿನ ಪ್ರಕಾರ ದಂಡ ಬೀಳಬಹುದು. ಆದ್ದರಿಂದ ಆದೇಶ ಕೈಗೆ ಬರುವ ತನಕ ಪಾಯ ತೋಡಬೇಡಿ. ನನ್ನ ಹಾಗೆ ಮುಂಗಡವನ್ನೂ ಕೊಡಬೇಡಿ.